ಬರ್ತಾನ ಅಂದವನ ಉಪವಾಸ

ಹೊಳೆದಂಡೆಯ ಮಠವೊಂದರಲ್ಲಿ ದುಂಡಯ್ಯಜ್ಜ ಅಂತ ಗುರುಗಳಿದ್ದರು. ಮಠ ಅಂದರೆ ದೊಡ್ಡದೇನಲ್ಲ. ಮಣ್ಣಿನ ಗೋಡೆ, ಮೇಲೆ ತಗಡು, ಒಂದು ಅಡುಗೆಮನೆ, ಊಟಕ್ಕೆ ಸಾಲಾಗಿ ಕೂರಲು ಒಂದು ಉದ್ದ ಪಡಸಾಲೆ.

ಅಲ್ಲಿ ಇಂಗ್ಲಿಷು ಬಲ್ಲ ಶಿಷ್ಯ ಒಬ್ಬನೇ, ಅಡಿವೆಯ್ಯ. ಗೋ, ವೆಂಟ್, ಗಾನ್ ಅಂತ ಕ್ರಿಯಾಪದಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿ ಬಿಎ ಪಾಸಾಗಿದ್ದ. ಎದುರಿಗೆ ಇಂಗ್ಲಿಷು ಆಡುವವರು ಬಂದು ನಿಂತರೆ ಮಾತ್ರ ಅವನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಆ ನಾಲಿಗೆಯನ್ನು ಬಿಡಿಸಿದವನು ಕಿಟ್‌ಬೋಕ್.

ಕಿಟ್‌ಬೋಕ್ ಶಿಲ್ಲಾಂಗಿನ ಆಚೆಯ ಗುಡ್ಡದ ಹಳ್ಳಿಯವನು. ದೇಶ ಸುತ್ತುತ್ತ ಬಂದು, ಒಂದು ಮಧ್ಯಾಹ್ನ ಪಂಕ್ತಿಯಲ್ಲಿ ಕೂತು ರೊಟ್ಟಿ ತಿಂದು, ಮುಂದಿನ ಊರಿಗೆ ಹೋಗುವುದನ್ನೇ ಮರೆತವನು. ಅವನ ಹೆಸರು ಯಾರ ಬಾಯಿಗೂ ಹೊಂದಲಿಲ್ಲ. ಅಡುಗೆಯ ದ್ಯಾಮವ್ವ ಎರಡೇ ದಿನದಲ್ಲಿ ಅವನನ್ನು ಕಿಟ್ಟಪ್ಪ ಮಾಡಿಬಿಟ್ಟಳು. ಅವನೂ ಕರೆದರೆ ‘ಓ’ ಅನ್ನತೊಡಗಿದ.

ಅವನಿಗೆ ಕನ್ನಡ ಬಾರದು, ಅಡಿವೆಯ್ಯನಿಗೆ ಅವನ ಖಾಸಿ ಭಾಷೆ ಬಾರದು. ಇಬ್ಬರದೂ ಅಲ್ಲದ ಇಂಗ್ಲಿಷಿನಲ್ಲಿ ಇಬ್ಬರೂ ಗೆಳೆಯರಾದರು. ಹೊಳೆ ತುಂಬಿದೆ. ರೊಟ್ಟಿ ಬಿಸಿ ಇದೆ. ಅಜ್ಜ ಕರೆಯುತ್ತಿದ್ದಾರೆ. ಹೀಗೆ ಕಣ್ಣೆದುರು ಇರುವುದನ್ನೇ ಹೇಳಿ ಹೇಳಿ ಅಡಿವೆಯ್ಯನ ಇಂಗ್ಲಿಷು ಬೆಳೆಯಿತು. ನಿನ್ನೆ ಮೊನ್ನೆಯ ಮಾತು ಅವರಿಗೆ ಬೇಕಾಗಿರಲಿಲ್ಲ. ಹಾಗಾಗಿ ‘ಈಸ್’ ಅನ್ನುವುದು ಅವನ ನಾಲಿಗೆಗೆ ಬಂತು, ‘ವಾಸ್’ ಅನ್ನುವುದು ಪುಸ್ತಕದಲ್ಲೇ ಉಳಿಯಿತು.

ಕಿಟ್ಟಪ್ಪ ಹರಗೋಲು ಹಾಕುವುದನ್ನೂ ಕಲಿತ. ಬುಟ್ಟಿಯಂಥ ಆ ದುಂಡು ದೋಣಿಯಲ್ಲಿ ಜನರನ್ನು ದಾಟಿಸುವುದು ಮಠದಲ್ಲಿ ಅವನ ಪಾಲಿನ ಕೆಲಸವಾಯಿತು.

ಶ್ರಾವಣದಲ್ಲಿ ಹೊಳೆ ಏರಿತು. ನಡುಗಡ್ಡೆಯಲ್ಲಿ ಕುರಿಗಾರರ ಒಂದು ಸಂಸಾರ ಸಿಕ್ಕಿಬಿತ್ತು. ಕಿಟ್ಟಪ್ಪ ಹೋಗಿ ಹೆಂಗಸನ್ನೂ ಮಕ್ಕಳನ್ನೂ ಕರೆತಂದ. ಮುದುಕ ಮಾತ್ರ ಕುರಿ ಬಿಟ್ಟು ಬರೆನೆಂದು ಅಲ್ಲೇ ಕೂತ.

ಅಜ್ಜ ದಂಡೆಯಲ್ಲಿ ನಿಂತಿದ್ದರು. “ಇನ್ನೊಂದ ಸಲ ಹೋಗಿ ಬಾ ಅಂತ ಹೇಳಪಾ ಅವಗ,” ಅಂದರು.

ಅಡಿವೆಯ್ಯ ಹೇಳಿದ. ಕಿಟ್ಟಪ್ಪ ಹೋದ.

ಹರಗೋಲು ನಡುಹೊಳೆಯಲ್ಲಿ ಮಗುಚಿತು. ದಂಡೆಯಲ್ಲಿದ್ದವರೆಲ್ಲ ನೋಡಿದರು.

ಮರುದಿನ ಸರಕಾರದ ಬೋಟು ಬಂದು ಮುದುಕನನ್ನು ಕರೆತಂತು. ಕುರಿಗಳೂ ಉಳಿದವು.

ಆ ಮಠದಲ್ಲಿ ಒಂದು ಕಟ್ಟಳೆ ಇತ್ತು. ಊಟದ ಹೊತ್ತಿಗೆ ಯಾರಾದರೂ ಇರದಿದ್ದರೆ, ಅವನ ಪರವಾಗಿ ಒಬ್ಬರು ‘ಬರ್ತಾನ’ ಅನ್ನಬೇಕು. ಅಂದುಬಿಟ್ಟರೆ ತಾಟು ಹಾಕಿ, ಬಡಿಸಿ, ಮುಚ್ಚಿಡುತ್ತಾರೆ. ಆದರೆ ಹೋದವನು ಬರುವ ತನಕ ‘ಬರ್ತಾನ’ ಅಂದವನು ಉಣ್ಣುವ ಹಾಗಿಲ್ಲ. ಎಷ್ಟೋ ಹಿಂದಿನ ಗುರುಗಳು ಹಾಕಿದ್ದು. ಬರುತ್ತಾನೆ ಬರುತ್ತಾನೆ ಅಂತ ಬಾಯಿಗೆ ಬಂದ ಹಾಗೆ ಹೇಳಿ ರೊಟ್ಟಿ ನಾಯಿಪಾಲು ಮಾಡುವುದನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತಂತೆ.

ಹರಗೋಲು ಮಗುಚಿದ ದಿನ ದ್ಯಾಮವ್ವ ತಾಟು ಹಾಕುತ್ತ ಕಿಟ್ಟಪ್ಪನ ಜಾಗಕ್ಕೆ ಬಂದು ನಿಂತಳು. ಪಂಕ್ತಿಯಲ್ಲಿ ಯಾರೂ ಉಸಿರೆತ್ತಲಿಲ್ಲ.

“ಬರ್ತಾನ,” ಅಂದರು ಅಜ್ಜ.

ತಾಟು ಬಿತ್ತು. ಅಜ್ಜ ಉಣ್ಣಲಿಲ್ಲ. ಮರುದಿನವೂ ಉಣ್ಣಲಿಲ್ಲ. ಆಮೇಲೆ ಕೆಳಗಿನ ಬ್ಯಾರೇಜಿನ ಬಾಗಿಲಿಗೆ ಹರಗೋಲು ಬಂದು ಸಿಕ್ಕಿಕೊಂಡಿತು. ಕಿಟ್ಟಪ್ಪ ಸಿಗಲಿಲ್ಲ. ಆ ಸುದ್ದಿ ಬಂದ ಮಧ್ಯಾಹ್ನ ಅಜ್ಜ ಮುಚ್ಚಿದ ತಾಟನ್ನು ತೆಗೆಸಿದರು. ತಮ್ಮ ತಾಟಿಗೆ ಕೈಯಿಟ್ಟು ಒಂದು ರೊಟ್ಟಿ ಉಂಡರು.

ಅಜ್ಜ ಉಂಡದ್ದೇ ಸಾವಿನ ಸುದ್ದಿ. ದ್ಯಾಮವ್ವ ಒಲೆಯ ಮುಂದೆ ಕೂತು ಅತ್ತಳು. ಅಡಿವೆಯ್ಯ ಅಳಲಿಲ್ಲ. ಅವನಿಗೆ ಸಿಟ್ಟು ಬಂದಿತ್ತು. ಈ ಮುದುಕನಿಗೆ ರೊಟ್ಟಿ ಹೇಗೆ ಇಳಿಯಿತು ಅಂತ ಮನಸ್ಸಿನಲ್ಲೇ ಕುದಿದ.

ಹೆಣ ಸಿಗದ್ದರಿಂದ ಪೊಲೀಸರು ‘ಕಾಣೆಯಾಗಿದ್ದಾನೆ’ ಅಂತ ಕಿಟ್ಟಪ್ಪನ ಊರಿಗೆ ತಿಳಿಸಿದರು.

ನೀರು ಇಳಿಯಿತು. ಬನ್ನಿ ಹಬ್ಬ ಮುಗಿಯಿತು. ಒಂದು ಬೆಳಿಗ್ಗೆ ಅವನ ತಾಯಿ ಬಂದಳು.

ಪುಟ್ಟ ಹೆಂಗಸು. ಚೌಕಳಿ ಬಟ್ಟೆಯನ್ನು ಒಂದು ಹೆಗಲ ಮೇಲೆ ಗಂಟು ಹಾಕಿಕೊಂಡಿದ್ದಳು. ಮೋಡವಿಲ್ಲದ ದಿನ, ಆದರೂ ಕೈಯಲ್ಲಿ ಕೊಡೆ. ದೇಶದ ಆ ತುದಿಯಿಂದ ಈ ತುದಿಗೆ ರೈಲು ಬದಲಿಸಿ ಬದಲಿಸಿ ಬಂದಿದ್ದಳು. ಶಾಲೆಯಲ್ಲಿ ಕಲಿತ ಇಂಗ್ಲಿಷು ಅವಳಿಗೂ ಅಷ್ಟಿಷ್ಟು ಬರುತ್ತಿತ್ತು.

“ನನ್ನ ಮಗ ಎಲ್ಲಿದ್ದಾನೆ?” ಅಂದಳು.

ಅಡಿವೆಯ್ಯ ಅದನ್ನು ಕನ್ನಡ ಮಾಡಿದ. ಅಜ್ಜ ಕೂತಲ್ಲಿಂದ ಎದ್ದು ನಿಂತರು. ದೊಡ್ಡ ದೊಡ್ಡ ಮಂದಿ ಬಂದಾಗಲೂ ಅವರು ಏಳುತ್ತಿರಲಿಲ್ಲ.

“ತಾಯಿ, ನಿನ್ನ ಮಗ ಭಾಳ ಛಲೋ ಮನಷ್ಯಾ ಇದ್ದ. ಹೊಳಿ ಅವನ್ನ ಒಯ್ತು. ಹಂಗ ಹೇಳು, ಅಡಿವೆಯ್ಯ.”

ಅಡಿವೆಯ್ಯ ಬಾಯಿ ತೆರೆದ. ‘ನಿಮ್ಮ ಮಗ’ ಅನ್ನುವಷ್ಟು ಇಂಗ್ಲಿಷಿನಲ್ಲಿ ಬಂತು. ಮುಂದೆ ‘ವಾಸ್’ ಬರಬೇಕು. ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. ಅವನು ಅವಳ ಮುಖ ನೋಡಿದ. ನೋಡಬಾರದಿತ್ತು.

“ಈಸ್,” ಅಂದ. “ನಿಮ್ಮ ಮಗ ಬಹಳ ಒಳ್ಳೆಯವನಿದ್ದಾನೆ.”

ಅವಳು ಅವನ ತೋಳು ಹಿಡಿದುಕೊಂಡಳು. “ಇದ್ದಾನಾ?”

“ಇದ್ದಾನೆ.”

“ಎಲ್ಲಿ?”

ಅಡಿವೆಯ್ಯ ಹೊಳೆಯ ಕಡೆ ಕೈ ತೋರಿಸಿದ. “ಆಚೆ ದಂಡೆಯಲ್ಲಿ. ಜನರನ್ನು ದಾಟಿಸುತ್ತಾನೆ. ಬರುತ್ತಾನೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಅವಳು ನಕ್ಕಳು. ಕೊಡೆಯನ್ನು ಗೋಡೆಗೆ ಆನಿಸಿ, ಚಪ್ಪಲಿ ಬಿಟ್ಟು, ಪಡಸಾಲೆಯ ನೆಲದ ಮೇಲೆ ಕಾಲು ಚಾಚಿ ಕೂತಳು. ಚೀಲದಿಂದ ಮೊಬೈಲು ತೆಗೆದು ಊರಿಗೆ ಮಾತಾಡಿದಳು. ಆ ಭಾಷೆಯ ಒಂದಕ್ಷರವೂ ಅಡಿವೆಯ್ಯನಿಗೆ ತಿಳಿಯಲಿಲ್ಲ. ಮಗನ ಹೆಸರೊಂದು ಮತ್ತೆ ಮತ್ತೆ ಕೇಳಿಸುತ್ತಿತ್ತು. ಆ ಕಡೆಯಿಂದ ಯಾರೋ ಅಳುತ್ತ ನಗುತ್ತಿದ್ದರು.

ಅಜ್ಜ ಅಡಿವೆಯ್ಯನನ್ನು ಹಿತ್ತಲಿಗೆ ಕರೆದರು.

“ನಾ ಹೇಳಿದ ಮಾತು ಕೇಳಿ ಯಾವ ತಾಯೀನೂ ನಗೂದಿಲ್ಲ. ನೀ ಏನ ಹೇಳಿದಿ?”

ಅಡಿವೆಯ್ಯ ತಲೆ ತಗ್ಗಿಸಿದ. “ಬಾಯಿಗೆ ಬರಲಿಲ್ರಿ ಅಜ್ಜಾರ.”

“ಏನು ಬರಲಿಲ್ಲ?”

“ಇದ್ದ ಅನ್ನೂದು. ಇಂಗ್ಲಿಷಿನ್ಯಾಗ ಅದಕ್ಕ ಒಂದ ಸಣ್ಣ ಶಬ್ದ ಐತ್ರಿ. ಅದನ್ನ ಅಂದಿದ್ರ ಮುಗೀತಿತ್ತು.”

“ಮತ್ತ ಏನಂದಿ?”

“ಅದಾನ ಅಂದೆ. ಬರ್ತಾನ ಅಂದೆ.”

“ಅದಾನ ಅನ್ನೂದಕ್ಕ ಏನಂತಾರ?”

“ಈಸ್ ಅಂತಾರ್ರಿ.”

“ಇದ್ದ ಅನ್ನೂದಕ್ಕ?”

“ವಾಸ್.”

ಅಜ್ಜ ಎರಡನ್ನೂ ಬಾಯಲ್ಲಿ ಹೊರಳಿಸಿ ನೋಡಿದರು. ಹಲ್ಲಿಲ್ಲದ ಬಾಯಿ, ಎರಡೂ ಒಂದೇ ಥರ ಕೇಳಿಸಿದವು.

“ಇವೆರಡರಾಗ ಭಾರ ಯಾವುದು?”

“ಎರಡೂ ಹಗೂರ ಅದಾವ್ರಿ. ಸಣ್ಣ ಶಬ್ದ.”

“ಹಗೂರ ಇದ್ರ ಇದೊಂದನ್ನ ಎತ್ತಲಿಕ್ಕ ಯಾಕ ಬರಲಿಲ್ಲ ನಿನಗ?”

“ಆಕಿ ಮಾರಿ ನೋಡಿ ಕನಿಕರ ಬಂತ್ರಿ.”

ಅಜ್ಜ ಪಡಸಾಲೆಯ ಕಡೆ ತಿರುಗಿದರು. “ಊಟದ ಹೊತ್ತಾತು. ನಡಿ,” ಅಂದರು.

ಪಂಕ್ತಿ ಕೂತಿತು. ದ್ಯಾಮವ್ವ ತಾಟು ಹಾಕುತ್ತ ಬಂದಳು. ಅಜ್ಜ ಅಂದರು, “ಕಿಟ್ಟಪ್ಪಂದೂ ಹಾಕವ್ವ.”

ದ್ಯಾಮವ್ವನ ಕೈಯಲ್ಲಿದ್ದ ತಾಟು ಅಲ್ಲೇ ನಿಂತಿತು. ಅಜ್ಜನಿಗೆ ಅರಳುಮರಳಾಯಿತೋ ಅನ್ನುವ ಹಾಗೆ ನೋಡಿದಳು.

“ಬರ್ತಾನಂತ ಅಂದವರ್ಯಾರ್ರೀ?”

“ಅಡಿವೆಯ್ಯ ಅಂದಾನ.”

ಎಲ್ಲರೂ ಅಡಿವೆಯ್ಯನ ಕಡೆ ತಿರುಗಿದರು. ಅವನು ನೆಲ ನೋಡುತ್ತ ಕೂತ. ದ್ಯಾಮವ್ವ ತಾಟು ಹಾಕಿದಳು, ರೊಟ್ಟಿ, ಪುಂಡಿಪಲ್ಯ ಬಡಿಸಿದಳು, ಇನ್ನೊಂದು ತಾಟು ತಂದು ಮುಚ್ಚಿದಳು. ಮುಚ್ಚುವಾಗ ಬೇಕೆಂದೇ ಸದ್ದು ಮಾಡಿದಳು. ಅಡಿವೆಯ್ಯ ತನ್ನ ತಾಟಿನಿಂದ ಕೈ ಹಿಂದಕ್ಕೆ ತೆಗೆದುಕೊಂಡ. ಅಜ್ಜ ಎಂದಿನಂತೆ ಉಂಡರು.

ಕಿಟ್ಟಪ್ಪನ ತಾಯಿ ಇದನ್ನೆಲ್ಲ ನೋಡುತ್ತಿದ್ದಳು. “ಅದು ಯಾರ ತಾಟು?” ಅಂತ ಇಂಗ್ಲಿಷಿನಲ್ಲಿ ಕೇಳಿದಳು.

“ನಿಮ್ಮ ಮಗನದು.”

“ನೀನು ಯಾಕೆ ಉಣ್ಣುತ್ತಿಲ್ಲ?”

ಅಡಿವೆಯ್ಯ ಕಟ್ಟಳೆಯನ್ನು ವಿವರಿಸಿದ. ಹೊಟ್ಟೆ ಹಸಿದಿತ್ತು, ಆದರೂ ಹೇಳುವಾಗ ಅವನಿಗೆ ತಾನೇನೋ ತ್ಯಾಗ ಮಾಡುತ್ತಿರುವ ಹಾಗೆ ಅನ್ನಿಸಿ ಎದೆ ಸ್ವಲ್ಪ ಉಬ್ಬಿತು. ಮನುಷ್ಯನ ಬುದ್ಧಿ ಹಾಗೇ.

ಅವಳು ಪೂರ್ತಿ ಕೇಳಿಸಿಕೊಂಡಳು. ರೊಟ್ಟಿ ಮುರಿಯುತ್ತಿದ್ದ ಕೈಯನ್ನು ನಿಲ್ಲಿಸಿದಳು. ತಾಟನ್ನು ಮೆಲ್ಲಗೆ ಮುಂದಕ್ಕೆ ಸರಿಸಿದಳು.

“ಹಾಗಾದರೆ ನಾನೂ ಹೇಳುತ್ತೇನೆ. ನನ್ನ ಮಗ ಬರುತ್ತಾನೆ.”

“ನೀವು ಹೇಳಬೇಕಾಗಿಲ್ಲ. ನೀವು ಅತಿಥಿಗಳು.”

“ನಾನು ಅವನ ತಾಯಿ,” ಅಂದಳು. “ನಾನಲ್ಲದೆ ಇನ್ಯಾರು ಹೇಳಬೇಕು?”

ಅಡಿವೆಯ್ಯನ ಉಬ್ಬಿದ ಎದೆ ಇಳಿದುಹೋಯಿತು. ಅಜ್ಜನ ಕಡೆ ನೋಡಿದ. ಅಜ್ಜ ಮಜ್ಜಿಗೆ ಕುಡಿಯುತ್ತಿದ್ದರು.

ಸಂಜೆ ಅವಳು ಹೊಳೆದಂಡೆಗೆ ಹೋಗಿ ಆಚೆ ದಡ ನೋಡುತ್ತ ಕೂತಳು. ಅಡಿವೆಯ್ಯ ಪಕ್ಕದಲ್ಲಿ ಕೂತ. ಈಗ ಹೇಳಿಬಿಡಬೇಕು ಅಂತಲೇ ಹೋಗಿದ್ದ.

“ಇಲ್ಲೂ ಅವನು ಬಿಸಿ ಊಟ ಊದಿ ಊದಿ ತಿನ್ನುತ್ತಾನಾ?” ಅಂತ ಅವಳು ಕೇಳಿದಳು.

“ಊದುತ್ತಾನೆ. ದ್ಯಾಮವ್ವ ಬೈಯುತ್ತಾಳೆ.”

“ನಿದ್ದೆಯಲ್ಲಿ ಮಾತಾಡುತ್ತಾನಾ?”

“ಮಾತಾಡುತ್ತಾನೆ. ನನ್ನನ್ನು ಎಬ್ಬಿಸುತ್ತಾನೆ. ಕೇಳಿದರೆ ತಾನು ಮಾತೇ ಆಡಿಲ್ಲ ಅಂತ ವಾದ ಮಾಡುತ್ತಾನೆ.”

ಅವಳು ಬಾಯಿಗೆ ಬಟ್ಟೆ ಹಿಡಿದು ನಕ್ಕಳು. ಅಡಿವೆಯ್ಯನೂ ನಕ್ಕ. ಕಿಟ್ಟಪ್ಪ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಅವನು ಇನ್ನೂ ಹೇಳಿದ. ಕಿಟ್ಟಪ್ಪ ಹಾಡುತ್ತಾನೆ, ಕಿಟ್ಟಪ್ಪ ಎಮ್ಮೆಗೆ ಹೆದರುತ್ತಾನೆ, ಕಿಟ್ಟಪ್ಪ ತನ್ನ ಚಾದರ ಕೊಡುವುದಿಲ್ಲ. ಸತ್ಯ ಹೇಳಬೇಕೆಂದರೆ ಆ ಸಂಜೆ ಹಸಿದ ಹೊಟ್ಟೆಯಲ್ಲೂ ಅಡಿವೆಯ್ಯ ಸುಖವಾಗಿದ್ದ. ‘ಈಸ್’ ಅನ್ನುವಷ್ಟು ಹೊತ್ತು ಗೆಳೆಯ ಅಲ್ಲೇ ಎಲ್ಲೋ ಹುಟ್ಟು ಹಾಕುತ್ತಿದ್ದ.

ಕತ್ತಲಾಯಿತು. ಹೇಳಬೇಕಾದ ಮಾತು ಹೇಳದೆಯೇ ಎದ್ದು ಬಂದ.

“ಇವತ್ತು ಬರಲಿಲ್ಲ,” ಅಂದಳು ಅವಳು, ಬಾಗಿಲಲ್ಲಿ.

“ನಾಳೆ,” ಅಂದ ಅಡಿವೆಯ್ಯ.

ಮರುದಿನ ಮತ್ತೆ ಕಿಟ್ಟಪ್ಪನ ತಾಟು ಬಿತ್ತು. ಮತ್ತೆ ಇಬ್ಬರು ಉಣ್ಣಲಿಲ್ಲ. ದ್ಯಾಮವ್ವ ತಾಯಿಯ ಮುಂದೆ ಕೂತು, ಕನ್ನಡದಲ್ಲೇ ಗೋಗರೆದಳು. “ಯವ್ವಾ, ಒಂದ ತುತ್ತು. ನನ್ನ ಸಲುವಾಗಿ.” ಅವಳು ದ್ಯಾಮವ್ವನ ಗಲ್ಲ ಸವರಿ, ಬೇಡವೆಂದು ತಲೆಯಾಡಿಸಿದಳು. ನೀರು ಮಾತ್ರ ಕುಡಿದಳು. ರೈಲಿನಲ್ಲೂ ಸರಿಯಾಗಿ ಉಂಡಿರಲಿಲ್ಲವೆಂದು ಕಾಣುತ್ತದೆ. ಎದ್ದು ನಿಲ್ಲುವಾಗ ಗೋಡೆ ಹಿಡಿದುಕೊಂಡಳು.

ದ್ಯಾಮವ್ವ ಅಡುಗೆಮನೆಯಲ್ಲಿ ಅಡಿವೆಯ್ಯನನ್ನು ಹಿಡಿದು ನಿಲ್ಲಿಸಿದಳು.

“ನೀ ಓದಿದಾಂವ. ನಿನ್ನ ಓದು ಸುಡ್ಲಿ. ಸತ್ತವನ ತಾಟ ಹಾಕಿ ಹಾಕಿ ನನ್ನ ಕೈ ಸೋತಾವ. ಇನ್ನ ಇದ್ದಾಕಿನ್ನೂ ಕೊಲ್ಲಬೇಕಂತ ಮಾಡಿಯೇನು?”

“ಹೇಳ್ತೀನಿ, ದ್ಯಾಮವ್ವ.”

“ಯಾವಾಗ? ಆಕಿ ಹೆಣದ ಮುಂದ?”

ಮಧ್ಯಾಹ್ನ ಕಿಟ್ಟಪ್ಪನ ತಾಯಿ ಅಡಿವೆಯ್ಯನನ್ನು ತಾನೇ ಕರೆದಳು. ಮುಖ ಬಾಡಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ಊರಿಂದ ಫೋನು ಬಂದಿತ್ತಂತೆ.

“ನನ್ನ ತಾಯಿ, ಅಂದರೆ ಅವನ ಅಜ್ಜಿ, ಸುದ್ದಿ ಬಂದಾಗಿನಿಂದ ಹೊಸ್ತಿಲು ದಾಟಿರಲಿಲ್ಲ. ಇವತ್ತು ಚರ್ಚಿಗೆ ಹೋಗಿದ್ದಾಳೆ. ಎಲ್ಲರ ಮುಂದೆ ಎದ್ದು ನಿಂತು, ನನ್ನ ಮೊಮ್ಮಗ ಬದುಕಿದ್ದಾನೆ ಅಂತ ಹೇಳಿದ್ದಾಳೆ. ಊರಿಗೆ ಊರೇ ಹಾಡಿತಂತೆ.”

ಅಡಿವೆಯ್ಯ ಹಿಂದಕ್ಕೆ ಸರಿದ. ತಾನು ಕಂಡು ಕೇಳಿರದ ಒಂದು ಹಳ್ಳಿ, ತಾನು ಆಡಿದ ಒಂದು ಪುಟ್ಟ ಶಬ್ದವನ್ನು ನಂಬಿ ಹಾಡಿದೆ. ಅವನು ಓಡುತ್ತ ಅಜ್ಜನ ಹತ್ತಿರ ಬಂದ.

“ಅಜ್ಜಾರ, ಈ ಕಟ್ಟಳಿ ಮುರೀರಿ. ಆಕಿ ಉಣವಲ್ಲಳು. ಸಾಯ್ತಾಳ.”

“ಕಟ್ಟಳಿ ನಾ ಹಾಕಿದ್ದಲ್ಲಪಾ, ಮುರೀಲಿಕ್ಕ. ಬರ್ತಾನ ಅಂದಾಂವ ತನ್ನ ಮಾತ ಹಿಂದಕ್ಕ ತಗೊಂಡ್ರ ಎಲ್ಲಾರೂ ಉಣಬಹುದು.”

“ನೀವ ಹೇಳ್ರಿ ಆಕಿಗೆ.”

“ನನಗ ಇಂಗ್ಲಿಷ ಬರೂದಿಲ್ಲ.”

“ಸನ್ನಿ ಮಾಡಿ ಹೇಳ್ರಿ. ಹೊಳಿ ತೋರ್ಸಿ, ಕೈ ಅಲ್ಲಾಡ್ಸಿ. ತಿಳೀತೈತಿ.”

“ಸುಳ್ಳು ನೀ ಬಾಯಿಲೆ ಹೇಳೂದು, ಖರೇ ನಾ ಕೈಲೆ ಹೇಳೂದು. ಭಾಳ ಛಲೋ ಆತು.”

ಅಡಿವೆಯ್ಯ ಅಲ್ಲೇ ಕುಸಿದು ಕೂತ. ಎರಡು ದಿನದ ಹಸಿವು, ಅದರ ಮೇಲೆ ಇದು. ಅವನ ಕಣ್ಣು ತುಂಬಿತು.

ಅಜ್ಜ ಹತ್ತಿರ ಬಂದು ಅವನ ಎದುರಿಗೆ ಕೂತರು.

“ಅವತ್ತ ನಾ ರೊಟ್ಟಿ ಉಂಡಾಗ ನಿನಗ ಸಿಟ್ಟ ಬಂತು. ಹೌದಿಲ್ಲೊ?”

ಅಡಿವೆಯ್ಯ ಕಣ್ಣು ಒರೆಸಿಕೊಂಡ. “ಬಂತ್ರಿ.”

“ಆ ರೊಟ್ಟಿ ಇನ್ನೂ ಇಳಿದಿಲ್ಲ.” ಅಜ್ಜ ಗಂಟಲು ಮುಟ್ಟಿ ತೋರಿಸಿದರು. “ಆದರೂ ಉಂಡೆ. ನಾ ಉಣದಿದ್ರ ನೀವ್ಯಾರೂ ಆ ದಂಡಿ ಬಿಟ್ಟ ಏಳ್ತಿರಲಿಲ್ಲ.”

“ನಾ ಇನ್ನೂ ಎದ್ದಿಲ್ರಿ ಅಜ್ಜಾರ.”

“ಗೊತ್ತೈತಿ. ಅದಕ್ಕ ನಿನಗ ಆ ಶಬ್ದ ಬರವಲ್ದು. ಆಕಿ ಮ್ಯಾಲಿನ ಕನಿಕರ ಅಂದಿ. ಯಾರ ಮ್ಯಾಲಿಂದೋ ಏನೋ, ಒಮ್ಮೆ ನೋಡಿಕೊ.”

ಅಡಿವೆಯ್ಯ ಎದ್ದ. ದಂಡೆಗೆ ಹೋಗುವ ದಾರಿಯುದ್ದಕ್ಕೂ ತುಟಿಯಲ್ಲೇ ಅನ್ನುತ್ತ ಹೋದ. ವಾಸ್. ವಾಸ್. ವೆಂಟ್. ಪರೀಕ್ಷೆಯ ದಿನ ಓಣಿಯಲ್ಲಿ ಅನ್ನುತ್ತ ಹೋದ ಹಾಗೆ. ಅವತ್ತು ಅವು ಬರಿಯ ಶಬ್ದಗಳಾಗಿದ್ದವು.

ಅವಳು ಬಿಸಿಲಿಗೆ ಕೊಡೆ ಬಿಚ್ಚಿಕೊಂಡು ಅಲ್ಲೇ ಕೂತಿದ್ದಳು.

“ಅಮ್ಮ,” ಅಂದ. “ಕಿಟ್‌ಬೋಕ್ ವಾಸ್ ಮೈ ಫ್ರೆಂಡ್.”

ಅವಳು ಆಚೆ ದಡವನ್ನೇ ನೋಡುತ್ತಿದ್ದಳು. ತಿರುಗಲಿಲ್ಲ. ಕೊಡೆ ಮಾತ್ರ ಸ್ವಲ್ಪ ಕೆಳಗೆ ಇಳಿಯಿತು.

ಅವನು ಮುಂದುವರಿಸಿದ. ಹೊಳೆ ಏರಿತ್ತು. ಅವನು ಹೋದ. ಹೆಂಗಸನ್ನು, ಮಕ್ಕಳನ್ನು ಕರೆತಂದ. ಮತ್ತೆ ಹೋದ. ಹರಗೋಲು ಮಗುಚಿತು. ಅವನು ಮೇಲೆ ಬರಲಿಲ್ಲ. ನಾವು ಹುಡುಕಿದೆವು. ಅವನು ಸಿಗಲಿಲ್ಲ. ಒಂದೊಂದು ಕ್ರಿಯಾಪದವೂ ಒಂದೊಂದು ಕಲ್ಲು ಎತ್ತಿಟ್ಟ ಹಾಗೆ ಅವನಿಂದ ಹೊರಟಿತು.

“ನೀನು ನೋಡಿದೆಯಾ?” ಅಂದಳು.

“ನೋಡಿದೆ.”

“ಅವನು ಮುಳುಗಿದ್ದನ್ನು ನೀನು ಕಣ್ಣಾರೆ ನೋಡಿದೆ.”

“ನೋಡಿದೆ.”

“ಆದರೂ ಬರುತ್ತಾನೆ ಅಂದೆ.”

“ಅಂದೆ, ಅಮ್ಮ.”

ಅವಳು ಎದ್ದಳು. ಕೊಡೆ ಮಡಿಸಿದಳು. ಅದರಿಂದ ಅವನ ಹೆಗಲಿಗೆ ಹೊಡೆದಳು. ಇನ್ನೊಮ್ಮೆ ಹೊಡೆದಳು. ಉಣ್ಣದ ಕೈ, ಏಟಿನಲ್ಲಿ ಬಲವೇ ಇರಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

“ನಾನು ಎದೆ ಗಟ್ಟಿ ಮಾಡಿಕೊಂಡು ಬಂದಿದ್ದೆ,” ಅಂದಳು. “ರೈಲಿನಲ್ಲಿ ಕೂತು, ಅವನಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತ ಬಂದಿದ್ದೆ. ಬಂದು ಕೇಳಿದೆ. ನೀನು ಇದ್ದಾನೆ ಅಂದೆ. ಈಗ ನನ್ನ ತಾಯಿಗೆ ಏನು ಹೇಳಲಿ? ಚರ್ಚಿನಲ್ಲಿ ಹಾಡಿದವರಿಗೆ ಏನು ಹೇಳಲಿ?”

ಅವಳು ಕೂತು ತನ್ನ ಭಾಷೆಯಲ್ಲಿ ಅತ್ತಳು. ಬಿಸಿಲು ಇಳಿಯುವ ತನಕ ಅತ್ತಳು. ಅವನು ಸ್ವಲ್ಪ ದೂರದಲ್ಲಿ ಕಾದು ಕೂತ. ಆಮೇಲೆ ಅವಳಾಗಿಯೇ ಎದ್ದು ಮಠದ ಕಡೆ ನಡೆದಳು.

ಪಡಸಾಲೆಯಲ್ಲಿ ದ್ಯಾಮವ್ವ ಮುಖ ನೋಡಿಯೇ ತಿಳಿದುಕೊಂಡಳು. ಮುಚ್ಚಿದ ತಾಟನ್ನು ಸದ್ದಿಲ್ಲದೆ ಎತ್ತಿಕೊಂಡು ಹೋದಳು. ಅಡಿವೆಯ್ಯ ಪಂಕ್ತಿಯ ಜಾಗದಲ್ಲಿ ಕೂತು, “ಕಿಟ್ಟಪ್ಪ ಬರೂದಿಲ್ಲ,” ಅಂದ. ಕನ್ನಡದಲ್ಲಿ ಆ ಮಾತನ್ನು ಅವನು ಅದೇ ಮೊದಲು ಆಡಿದ್ದು.

ದ್ಯಾಮವ್ವ ಇಬ್ಬರಿಗೂ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಕೊಟ್ಟಳು. ತಾಯಿ ನಾಲ್ಕು ತುತ್ತು ಉಂಡಳು. ಅಡಿವೆಯ್ಯ ಉಣ್ಣುತ್ತ ಬಿಕ್ಕಿ ಬಿಕ್ಕಿ ಅತ್ತ. ಕಿಟ್ಟಪ್ಪನಿಗಾಗಿ ಅವನು ಅತ್ತದ್ದು ಆಗಲೇ.

ಅಜ್ಜ ಎದುರಿಗೆ ತಮ್ಮ ಮಣೆಯ ಮೇಲೆ ಕೂತಿದ್ದರು.

ಕೈ ತೊಳೆದು ಬಂದ ಮೇಲೆ ಕಿಟ್ಟಪ್ಪನ ತಾಯಿ ಅಜ್ಜನ ಮುಂದೆ ಬಂದು ಕೂತಳು. ಅಡಿವೆಯ್ಯನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಅಂದಳು, “ಒಂದು ಮಾತು ಕೇಳಬೇಕು. ನನ್ನ ಮಗ ಗುಡ್ಡದವನು. ಈಜು ಅಷ್ಟು ಬರುತ್ತಿರಲಿಲ್ಲ. ಅಂಥ ನೀರಿನಲ್ಲಿ ಇನ್ನೊಮ್ಮೆ ಯಾಕೆ ಹೋದ? ಇವರನ್ನು ಕೇಳು.”

ಅಡಿವೆಯ್ಯ ಅಜ್ಜನನ್ನು ನೋಡಿದ. ಬಡಕಲು ಕುತ್ತಿಗೆ, ಆ ಕುತ್ತಿಗೆಯಲ್ಲಿ ಇನ್ನೂ ಇಳಿಯದ ರೊಟ್ಟಿ. ದಂಡೆಯಲ್ಲಿ ತಾನು ಕೂಗಿ ಹೇಳಿದ ಮಾತು ಅವನಿಗೇ ಕೇಳಿಸಿತು. ಗೋ ವನ್ಸ್ ಮೋರ್.

ಅವನು ಅಜ್ಜನನ್ನು ಕೇಳಲಿಲ್ಲ. ತಾನೇ ಉತ್ತರ ಕೊಟ್ಟ.

“ಅವನೇ ಹೋದ, ಅಮ್ಮ. ಬೇಡವೆಂದರೂ ಕೇಳಲಿಲ್ಲ.”

ಕ್ರಿಯಾಪದಗಳೆಲ್ಲ ಈ ಸಲ ಸರಿಯಾಗಿ ಬಂದವು, ಎಲ್ಲವೂ ಭೂತಕಾಲದಲ್ಲಿ, ಎಲ್ಲಿಯೂ ನಾಲಿಗೆ ತೊಡರದೆ. ಯಾವ ಮೇಷ್ಟ್ರು ಕೇಳಿದ್ದರೂ ಪೂರ್ತಿ ಅಂಕ ಕೊಡುತ್ತಿದ್ದರು.

ಅವಳ ಮುಖ ಗಟ್ಟಿಯಾಯಿತು. ಅಳು ನಿಂತಿತು. ಅದರ ಜಾಗದಲ್ಲಿ ಇನ್ನೇನೋ ಬಂತು.

“ಕೇಳಲಿಲ್ಲವಾ,” ಅಂದಳು. “ಚಿಕ್ಕಂದಿನಿಂದ ಹೇಳಿ ಹೇಳಿ ಬೆಳೆಸಿದೆ. ಎಲ್ಲಿಗೆ ಹೋದರೂ ಹಿರಿಯರ ಮಾತು ಕೇಳು ಅಂತ. ಕೇಳಲಿಲ್ಲ. ಮೂರ್ಖ. ತನ್ನ ಸೊಕ್ಕಿಗೆ ತಾನು ಸತ್ತ.”

ಎದ್ದು ತನ್ನ ಚೀಲದ ಹತ್ತಿರ ಹೋದಳು. ಬಟ್ಟೆಗಳನ್ನು ಒಂದೊಂದಾಗಿ ಒಳಗೆ ತುರುಕತೊಡಗಿದಳು. ತುರುಕುವಾಗಲೂ ಮಗನನ್ನು ಬೈಯುತ್ತಲೇ ಇದ್ದಳು.

ಅಜ್ಜ ಅವಳನ್ನೇ ನೋಡುತ್ತಿದ್ದರು. “ಅಡಿವೆಯ್ಯ, ಆಕಿ ನನ್ನ ನೋಡಿ ಏನ ಕೇಳಿದಳು?”

“ಏನಿಲ್ರಿ.”

“ಏನ ಕೇಳಿದಳು?”

“ಅಂಥಾ ಹೊಳ್ಯಾಗ ಮಗಾ ಯಾಕ ಹೋದ ಅಂತ ಕೇಳಿದ್ಳ್ರಿ.”

“ನೀ ಏನ ಹೇಳಿದಿ?”

“ತಾನ ಹೋದ ಅಂದೆ. ಬ್ಯಾಡಂದ್ರೂ ಕೇಳಲಿಲ್ಲ ಅಂದೆ.”

“ಈಗ ಯಾರನ್ನ ಬೈಯಾಕತ್ತಾಳ?”

ಅಡಿವೆಯ್ಯನ ದನಿ ನೆಲಕ್ಕೆ ಇಳಿಯಿತು. “ಕಿಟ್ಟಪ್ಪನ್ನ, ಹಿರೇರ ಮಾತ ಕೇಳಲಿಲ್ಲ ಅಂತ.”

ಅಜ್ಜ ಮಣೆಯಿಂದ ಎದ್ದರು. ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ನಡೆದು, ಅವಳ ಚೀಲದ ಪಕ್ಕ ಬರಿ ನೆಲದ ಮೇಲೆ ಕೂತರು. ಅವಳು ಕೈ ನಿಲ್ಲಿಸಿ ನೋಡಿದಳು.

“ಬ್ಯಾಡ್ರಿ ಅಜ್ಜಾರ,” ಅಂದ ಅಡಿವೆಯ್ಯ ಹಿಂದೆಯೇ ಬಂದು. “ನಿಮ್ಮ ಹೆಸರ ಹ್ಯಾಂಗ ಹೇಳ್ಲಿ? ಹೋಗು ಅಂತ ಅವಗ ಕೂಗಿದ್ದು ನನ್ನ ಬಾಯಿ. ನಿಮ್ಮನ್ನ ಶಪಿಸ್ತಾಳ. ಈ ವಯಸ್ಸಿನ್ಯಾಗ ಆ ಶಾಪ ಹೊತ್ತು ಹ್ಯಾಂಗ ಇರ್ತೀರಿ?”

ಅಜ್ಜ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ.

“ನಾ ಹೋಗಂದೆ, ಅಂವ ಹೋದ. ಹಿರೇರ ಮಾತ ಕೇಳೂ ಮಗಾ ಇದ್ದ ಅಂತ ಹೇಳು. ಅದೊಂದಾದ್ರೂ ಆಕಿಗೆ ಉಳೀಲಿ.”